ದೆವ್ವವನ್ನು ನೋಡುವ ನೋಟ

ಮಸಿನಗುಡಿ, ಭಾನುವಾರ

ಯಜಮಾನರಿಗೆ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ನಗುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ಜೀಪು ಓಡಿಸುತ್ತಿದ್ದ ನಿಮ್ಮನ್ನು ನಾಯಕನನ್ನಾಗಿ ಮಾಡಿದ ಆ ದೆವ್ವದ ಪ್ರೇಮಕಥೆಯ ಸಿನಿಮಾ ಯೂಟ್ಯೂಬಿಗೆ ಬಂದಿದೆ. ನೋಡಿದವರು ಕೆಳಗೆ ಬರೆದದ್ದನ್ನೆಲ್ಲ ಓದಿದೆ. ದೆವ್ವದ ಕೋರೆಹಲ್ಲು ಮೂಲಂಗಿಯದು ಎಂದು ಒಬ್ಬರು, ಆನೆಯೆಂದು ತೋರಿಸಿದ್ದು ಕಂಬಳಿ ಹೊದಿಸಿದ ಜೀಪು ಎಂದು ಇನ್ನೊಬ್ಬರು ಬರೆದಿದ್ದಾರೆ. ಓದಿ ಖುಷಿಪಟ್ಟೆ. ಆದರೆ ಎಲ್ಲರೂ ಕೊನೆಗೆ, "ನಾಯಕ ಆ ದೆವ್ವವನ್ನು ನೋಡುವ ನೋಟ ಮಾತ್ರ ನಿಜ" ಎನ್ನುತ್ತಾರೆ.

ನಿಮ್ಮ ಅವ್ವನೂ ನೋಡಿ, "ಅವ ನಿನ್ನ ಹಿಂಗೆ ನೋಡಿದ್ದ ನಾ ಕಾಣೆ ಕನವ್ವಾ" ಅಂದರು.

ಎರಡನೇ ಭಾಗದಲ್ಲೂ ದೆವ್ವದ ಪಾತ್ರ ಆ ನಟಿಯದೇ ಅಂತೆ. ನಿಮ್ಮ ಶೂಟಿಂಗ್ ನಡೆಯುವ ಕಟ್ಟಬೆಟ್ಟಿನಲ್ಲಿ ಚಳಿ ಜಾಸ್ತಿ. ಸ್ವೆಟರ್ ಕಳಿಸಿದ್ದೇನೆ, ನೀವೇ ಹಾಕಿಕೊಳ್ಳಿ, ಅವಳಿಗೆ ಕೊಡಬೇಡಿ.

ನಿನ್ನೆ ತಡೆಯಲಾರದೆ ನಾನೂ ಸಿನಿಮಾದ ಕೆಳಗೆ ಬರೆದೆ: "ನಾಯಕನಿಗೆ ಮದುವೆಯಾಗಿದೆ. ನಾನೇ ಹೆಂಡತಿ." ಅರ್ಧ ಗಂಟೆಯಲ್ಲಿ ಅವಳೇ ಉತ್ತರ ಕೊಟ್ಟಳು: "ಗೊತ್ತು ಅಕ್ಕಾ. ನಿಮ್ಮನ್ನ ನೆನೆಸ್ಕೊಂಡ್ರೇನೇ ಹಂಗೆ ನೋಡೋಕಾಗೋದು ಅಂತ ಅವರೇ ಹೇಳಿದ್ರು."

ಓದಿ ಅಳು ಬಂತು. ಆಮೇಲೆ ಮತ್ತೆ ಹೊಟ್ಟೆ ಉರಿಯಿತು. ಹನ್ನೊಂದು ವರ್ಷದಲ್ಲಿ ನನಗೆ ಹೇಳದ ಮಾತನ್ನು ಅವಳಿಗೆ ಯಾಕೆ ಹೇಳಿದಿರಿ? ಬುಧವಾರ ರಜೆ ಕೇಳಿ ಬನ್ನಿ. ನನ್ನೆದುರು ಕೂತು ಹೇಳಿ.

ಇಂತಿ,
ಚಂದ್ರಕಲಾ