ಅಂಗೈಯಲ್ಲಿ ಹಾಲುಹಲ್ಲು

ವಕ್ಕಲೇರಿ

ಚಿರಂಜೀವಿ ತ್ರಿವೇಣಿಗೆ ಆಶೀರ್ವಾದಗಳು.

ನೀನು ಕೊಟ್ಟ ನಾಯಿಮರಿ ನನ್ನ ಚಪ್ಪಲಿ, ಕನ್ನಡಕದ ಡಬ್ಬಿ, ನಿಘಂಟಿನ ರಟ್ಟು ಎಲ್ಲವನ್ನೂ ಕಡಿದುಹಾಕಿದ್ದರಿಂದ, ತಿಂಗಳ ಕೊನೆಗೆ ಬಂದು ಅದನ್ನು ಹಿಂದಕ್ಕೆ ಕರೆದೊಯ್ಯಬೇಕೆಂದು ಫೋನಿನಲ್ಲಿ ಕಟುವಾಗಿಯೇ ಹೇಳಿದ್ದೆ.

ನಿನ್ನೆ, ರೇಷ್ಮೆ ಸಾಕುವ ಪಕ್ಕದ ಮನೆಯ ಆದಿಲಕ್ಷ್ಮಿ, "ಬೈಬೇಡಿ ಟೀಚರಮ್ಮ, ಅದಕ್ಕೆ ಹಲ್ಲು ಬದಲಾಗ್ತಾ ಐತೆ, ಒಸಡು ಕಡೀತದೆ" ಎಂದು, ಹುಳುಗಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯೊಂದನ್ನು ಅದರ ಮುಂದಿಟ್ಟಳು. ಮರಿ ಆಮೇಲೆ ಬೇರೇನನ್ನೂ ಮುಟ್ಟಲಿಲ್ಲ. ಇಂದು ಬೆಳಿಗ್ಗೆ ಕಡ್ಡಿಯ ಬಳಿ ಅಕ್ಕಿಕಾಳಿನಷ್ಟು ಹಲ್ಲೊಂದು ಸಿಕ್ಕಿತು.

ಮೂವತ್ತಾರು ವರ್ಷ ಮಕ್ಕಳ ನಡುವೆ ಇದ್ದ ನನಗೆ, ನಾಯಿಗೂ ಹಾಲುಹಲ್ಲು ಬೀಳುತ್ತದೆಂದು ತಿಳಿದಿರಲಿಲ್ಲ. ಬಹಳ ಹೊತ್ತು ಅದನ್ನು ಅಂಗೈಯಲ್ಲಿಟ್ಟು ನೋಡಿದೆ. ಆಮೇಲೆ, ಶಾಲೆಯಲ್ಲಿ ನೀವೆಲ್ಲ ಮಾಡುತ್ತಿದ್ದಂತೆ, ಸಗಣಿಯಲ್ಲಿಟ್ಟು ಸೂರಿನ ಮೇಲಕ್ಕೆ ಎಸೆದೆ.

ಊಟಕ್ಕೆ ಬಾ. ಮರಿ ಇಲ್ಲಿಯೇ ಇರಲಿ. ಅದಕ್ಕೆ ಇನ್ನೂ ಬೀಳಬೇಕಾದ ಹಲ್ಲುಗಳಿವೆ.

ನಿನ್ನ ಉಪಾಧ್ಯಾಯಿನಿ,
ಗಂಗರತ್ನಮ್ಮ