ಅಂಗೈಯಗಲದ ಕಲ್ಲು

ನಾಲ್ಕನೇ ಮಹಡಿಯ ಮನೆ,
ಟ್ಯಾಂಕಿನ ಪಕ್ಕದ ಮೇಜಿನಿಂದ
ಮಾರ್ಚ್ ಹನ್ನೊಂದು, ಬೆಳಿಗ್ಗೆ

ದೂರದ ನೀರಿನಲ್ಲಿರುವ ನನ್ನವರಿಗೆ,

ಹೇಗಿದ್ದೀರಿ? ಸೊಂಟದ ನೋವು ಕಡಿಮೆಯಾಯಿತೇ? ಎಂಜಿನ್ ರೂಮಿನ ಸೆಕೆಗೆ ಬೆನ್ನ ತುಂಬ ಬೆವರುಗುಳ್ಳೆ ಎದ್ದಿದೆ ಎಂದು ಬರೆದಿದ್ದಿರಿ. ನಾನು ಕಟ್ಟಿಕೊಟ್ಟ ಪೌಡರು ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಅದಿನ್ನೂ ಪೆಟ್ಟಿಗೆಯ ತಳದಲ್ಲೇ ನಿದ್ದೆ ಮಾಡುತ್ತಿದೆಯೋ? ಅತ್ತೆ ಚೆನ್ನಾಗಿದ್ದಾರೆ. ಅವರ ಮೊಣಕಾಲು ಮೆಟ್ಟಿಲು ಹತ್ತುವಾಗ ಮಾತ್ರ ಮಾತಾಡುತ್ತದಂತೆ. ಲಿಫ್ಟ್ ಕೆಟ್ಟು ತಿಂಗಳಾಗಿರುವುದರಿಂದ ಈಗ ದಿನವೂ ಮಾತಾಡುತ್ತಿದೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆದು ಮುಗಿಸಬಹುದು, ಆದರೆ ನೀವು ನಂಬಿಬಿಡುತ್ತೀರಿ ಎಂದು ಹೆದರಿಕೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಾರದೇ ಎಂದು ಕೇಳಬೇಡಿ. ಫೋನಿನಲ್ಲಿ ನೀವು ಮೊದಲು ನಿಮ್ಮ ಮೀನು, ಹವಳಗಳ ಟ್ಯಾಂಕಿನ ಉಪ್ಪುನೀರು ಎಷ್ಟು ಡಿಗ್ರಿ ಇದೆ ಎಂದು ಕೇಳುತ್ತೀರಿ, ನಾನು ಹೋಗಿ ನೋಡಿಕೊಂಡು ಬರುವಷ್ಟರಲ್ಲಿ ಲೈನು ಕಟ್ಟಾಗಿರುತ್ತದೆ.

ನೀವು ಹೊರಡುವ ಮುಂಚೆ ಅಕ್ವೇರಿಯಂ ಅಂಗಡಿಯಲ್ಲಿ ಹೇಳಿಟ್ಟಿದ್ದ ಜೀವಂತ ಕಪ್ಪೆಚಿಪ್ಪು ಬಂದು ಹದಿನೇಳು ದಿನವಾಯಿತು. ಅದರ ಕಥೆ ಹೇಳುವುದಕ್ಕೆ ಮೊದಲು ಒಂದು ಮಾತು. ಜನವರಿಯಲ್ಲಿ ನಿಮಗೊಂದು ಪತ್ರ ಬರೆದಿದ್ದೆ. ನಾನು ಮನೆಯಲ್ಲೇ ಕೂತು ಕಟ್ಟುವ ಹಲ್ಲಿನ ಸೆಟ್ಟುಗಳನ್ನು ಇಷ್ಟು ವರ್ಷ ನೋಡಿದ ಲ್ಯಾಬಿನ ಯಜಮಾನಿ, ಪಿಂಗಾಣಿ ಹಲ್ಲು ಮಾಡುವ ತರಬೇತಿಗೆ ನನ್ನ ಹೆಸರು ಕೊಟ್ಟಿದ್ದಾರೆ, ಐದು ತಿಂಗಳು ಬೇರೆ ಊರಿನಲ್ಲಿ ಇರಬೇಕು, ಮಾರ್ಚ್ ಹದಿನೈದರೊಳಗೆ ಒಪ್ಪಿಗೆ ಕೊಡದಿದ್ದರೆ ಜಾಗ ಇನ್ನೊಬ್ಬರಿಗೆ ಹೋಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ನಿಮ್ಮ ಉತ್ತರ ಮೂರು ಪುಟ ಬಂತು. ಮೂರೂ ಪುಟ ಕಪ್ಪೆಚಿಪ್ಪಿನ ಆರೈಕೆ. ಕೊನೆಯ ಸಾಲಿನಲ್ಲಿ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದಿರಿ: ‘ಉಳಿದದ್ದು ಬಂದಮೇಲೆ ಮಾತಾಡೋಣ.’ ನೀವು ಬರುವುದು ಆಗಸ್ಟಿನಲ್ಲಿ. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ತುಂಬ ನೊಂದುಕೊಂಡೆ. ಆಮೇಲೆ ಹಲ್ಲು ಕಚ್ಚಿಕೊಂಡು ಆ ಮೂರೂ ಪುಟಗಳನ್ನು ಮತ್ತೆ ಓದಿ, ಹೇಳಿದ್ದನ್ನೆಲ್ಲ ಮಾಡಿದೆ.

ಕಪ್ಪೆಚಿಪ್ಪಿದ್ದ ನೀರಿನ ಚೀಲವನ್ನು ಬಿಚ್ಚದೆ ಅರ್ಧ ಗಂಟೆ ಟ್ಯಾಂಕಿನಲ್ಲಿ ತೇಲಿಬಿಟ್ಟೆ. ದೀಪ ಆರಿಸಿದೆ. ಆಮೇಲೆ ಬಕೆಟ್ಟಿನಲ್ಲಿ ಅದನ್ನಿಟ್ಟು, ಸಣ್ಣ ಕೊಳವೆಗೊಂದು ಗಂಟು ಹಾಕಿ, ನಮ್ಮ ಟ್ಯಾಂಕಿನ ನೀರನ್ನು ಸಲೈನ್ ಹಾಕಿದ ಹಾಗೆ ಹನಿ ಹನಿಯಾಗಿ ಎರಡು ಗಂಟೆ ಬಿಟ್ಟೆ. ಬಕೆಟ್ಟಿನ ಮುಂದೆ ಕಾಲು ಮಡಚಿ ಕೂತು ಕಾಲೆರಡೂ ಜೋಮು ಹಿಡಿದವು. ಕೊನೆಗೆ ಅದನ್ನು ಎರಡೂ ಕೈಯಲ್ಲಿ ಬೊಗಸೆ ಹಿಡಿದು, ನೀರಿನೊಳಗೇ ಸ್ವಲ್ಪ ಓರೆಮಾಡಿ ಗಾಳಿಗುಳ್ಳೆ ಹೊರಗೆ ಬಿಟ್ಟು, ಕೆಳಗಿನ ಮರಳಿನ ಮೇಲೆ ಕೂರಿಸಿದೆ. ಅಂಗಡಿಯ ನೀರು ಒಂದು ಚಮಚವೂ ಟ್ಯಾಂಕಿಗೆ ಹೋಗಿಲ್ಲ, ನಿಶ್ಚಿಂತೆಯಿಂದಿರಿ. ಎರಡು ದಿನ ಅದು ಬಾಯಿ ಬಿಡಲಿಲ್ಲ. ಅತ್ತೆ ಬಂದು, ಕನ್ನಡಕ ಏರಿಸಿ ನೋಡಿ, ‘ಇದೇನೇ, ದುಡ್ಡು ಕೊಟ್ಟು ಕಲ್ಲು ತರಿಸಿದಾನಾ ನನ್ನ ಮಗ?’ ಎಂದು ಮೂಗು ಮುರಿದು ಹೋದರು. ಮೂರನೆಯ ಬೆಳಿಗ್ಗೆ ಅದು ತೆರೆದಿತ್ತು. ನಾನು ಕಟ್ಟಿದ ಯಾವ ದವಡೆಯೂ ಅಷ್ಟು ಸರಿಯಾಗಿ ಕೂಡಿಕೊಂಡಿಲ್ಲ, ಯಾವ ತುಟಿಯೂ ಅಷ್ಟು ನೀಲಿಯಾಗಿರುವುದನ್ನು ನಾನು ಕಂಡಿಲ್ಲ. ನೀಲಿಯ ಮೇಲೆ ಹಸಿರು ಚುಕ್ಕೆ, ಅಂಚಿನಲ್ಲಿ ಕಂದು ಗೆರೆ. ಅತ್ತೆ ಅರ್ಧ ಗಂಟೆ ಕದಲಲಿಲ್ಲ. ಅವತ್ತಿನಿಂದ ಅದಕ್ಕೆ ಚಿಪ್ಪಮ್ಮ ಎಂದು ಹೆಸರಾಯಿತು. ನಿಮ್ಮ ಹಟದಲ್ಲಿ ಅರ್ಥವಿತ್ತು ಎಂದು ಅವತ್ತು ನನಗೂ ಅನಿಸಿತು, ಸುಳ್ಳು ಹೇಳುವುದಿಲ್ಲ.

ಆದರೆ ನಮ್ಮ ಚಿಪ್ಪಮ್ಮನಿಗೆ ನೆರಳು ಕಂಡರೆ ಆಗುವುದಿಲ್ಲ. ನಾನು ಮೇಜಿನಿಂದ ಎದ್ದರೆ ಮುಚ್ಚಿಕೊಳ್ಳುತ್ತಾಳೆ, ಕಿಟಕಿಯ ಕಡೆ ನಡೆದರೆ ಮುಚ್ಚಿಕೊಳ್ಳುತ್ತಾಳೆ. ಪದೇ ಪದೇ ಬೆದರಿದರೆ ಸೊರಗುತ್ತದೆ ಎಂದು ನೀವು ಕೆಳಗೆ ಎರಡು ಗೆರೆ ಎಳೆದು ಬರೆದಿದ್ದೀರಲ್ಲ! ಹಾಗಾಗಿ ಮೊದಲ ವಾರ ನಾನು ಅಡುಗೆಮನೆಗೆ ಬಗ್ಗಿಕೊಂಡು ಹೋಗಿದ್ದೇನೆ, ನನ್ನದೇ ಮನೆಯಲ್ಲಿ, ಕಳ್ಳಿಯ ಹಾಗೆ. ಮೇಜಿನ ದೀಪ ತಿರುಗಿಸಿಟ್ಟು ಅರೆಗತ್ತಲಲ್ಲಿ ಮೇಣದ ಹಲ್ಲು ಜೋಡಿಸಿ, ಒಂದು ಸೆಟ್ಟಿನಲ್ಲಿ ಎಡದ ಕೋರೆಹಲ್ಲು ಬಲಕ್ಕೆ ಕೂರಿಸಿ ಬೈಸಿಕೊಂಡೆ. ನಗಬೇಡಿ. ಬೆಳಿಗ್ಗೆ ಆವಿಯಾದಷ್ಟು ನೀರು ತುಂಬಿಸಬೇಕು, ಸಂಜೆ ತುಂಬಿಸಬೇಕು, ಕರೆಂಟು ಹೋದರೆ ಪಂಪಿಗೆ ಬ್ಯಾಟರಿ ಜೋಡಿಸಬೇಕು. ತಂಗಿಯ ಹೆರಿಗೆಗೆ ಹೋದವಳು ಮಗುವಿನ ಮುಖ ನೋಡಿ ಮಧ್ಯಾಹ್ನದ ಬಸ್ಸಿಗೇ ವಾಪಸಾದೆ. ಈ ಮನೆಯಿಂದ ನಾನು ಕೊನೆಯ ಸಲ ಒಂದು ರಾತ್ರಿ ಹೊರಗೆ ಮಲಗಿದ್ದು ಯಾವಾಗ ಎಂದು ಯೋಚಿಸಿ ನೋಡಿ. ನಿಮ್ಮ ಹಡಗಿನಲ್ಲಿ ನಾಲ್ಕು ಗಂಟೆಗೊಮ್ಮೆ ಪಾಳಿ ಬದಲಾಗುತ್ತದೆ, ಇನ್ನೊಬ್ಬ ಬಂದು ನಿಮ್ಮ ಕೈಯಿಂದ ಕೆಲಸ ತೆಗೆದುಕೊಳ್ಳುತ್ತಾನೆ. ನನ್ನ ಪಾಳಿ ಶುರುವಾಗಿ ನಾಲ್ಕು ವರ್ಷವಾಯಿತು. ಗಾಜಿನ ಆ ಕಡೆ ಇರುವ ಮೀನುಗಳಿಗಾದರೂ ನಾನೊಬ್ಬಳು ಕಾವಲಿದ್ದೇನೆ. ನನಗೆ ಉಸಿರುಗಟ್ಟುತ್ತಿದೆ.

ನೀವು ಬರೆದಿದ್ದು ಇಷ್ಟು: ಎರಡು ವಾರ ಮರಳಿನ ಮೇಲಿಟ್ಟು, ಬೆಳಕಿಗೆ ಒಗ್ಗಿದ ಮೇಲೆ, ನಡುವಿನ ದೊಡ್ಡ ಬಂಡೆಯ ಗುಂಡಿಯಲ್ಲಿ ಕೂರಿಸು, ಒಮ್ಮೆ ಹಿಡಿಯಿತೆಂದರೆ ಮತ್ತೆ ಅಲ್ಲಾಡಿಸುವ ಹಾಗಿಲ್ಲ, ಅದೇ ಅದರ ಕಾಯಂ ಮನೆ. ಅಂಗಡಿಯ ಗುಳ್ಳೆ ಮಾಮ, ಅದೇ, ಮಾತಿಗೊಮ್ಮೆ ಬಾಯಲ್ಲಿ ಬುಳುಬುಳು ಅನ್ನುವವರು, ಚಿಪ್ಪಮ್ಮನನ್ನು ತಂದುಕೊಟ್ಟ ದಿನವೇ ಬೇರೆ ಮಾತು ಹೇಳಿದ್ದರು. ಅದು ಹೊಟ್ಟೆಯಡಿಯಿಂದ ಎಳೆ ಬಿಟ್ಟು ಹಿಡಿದುಕೊಳ್ಳುತ್ತದೆ, ಆ ಎಳೆ ಕಿತ್ತರೆ ಜೀವಕ್ಕೇ ಸಂಚಕಾರ. ‘ಅದಕ್ಕೇ ನೋಡಮ್ಮ, ಮೊದಲಿಂದ್ಲೂ ಅಂಗೈಯಗಲದ ಚಪ್ಪಟೆ ಕಲ್ಲಿನ ಮೇಲೆ ಕೂರಿಸು. ಅದು ಕಲ್ಲನ್ನ ಹಿಡ್ಕೊಳ್ಳಲಿ, ನೀನು ಕಲ್ಲನ್ನ ಎತ್ತು’ ಎಂದರು. ಯಾರ ಮಾತು ಕೇಳಿದೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ಈಗ ಬೈಗುಳ ತಿನ್ನುವ ಭಾಗ. ಎಂಟನೆಯ ದಿನ ಲ್ಯಾಬಿನಲ್ಲಿ ತರಬೇತಿಯ ಪರೀಕ್ಷೆ ಇತ್ತು, ಮೇಣದಲ್ಲಿ ಒಂದು ದವಡೆಹಲ್ಲು ಕೆತ್ತಿ ತೋರಿಸಬೇಕು. ಒಪ್ಪಿಗೆ ಕೊಡುವುದೋ ಬಿಡುವುದೋ, ಕೈ ಇನ್ನೂ ನೆಟ್ಟಗಿದೆಯೇ ನೋಡಿಕೊಂಡು ಬರೋಣ ಎಂದು ಹೋದೆ. ಮೂರೇ ಗಂಟೆ. ಕೆತ್ತಿದ ಹಲ್ಲನ್ನು ಯಜಮಾನಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮಾದರಿಗೆಂದು ತಮ್ಮ ಮೇಜಿನ ಮೇಲೆ ಇಟ್ಟುಕೊಂಡರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹಾಗೇ ಮೆಟ್ಟಿಲು ಹತ್ತಿ ಬಂದು ಬಾಗಿಲು ತೆಗೆದರೆ, ಚಿಪ್ಪಮ್ಮ ಕಲ್ಲಿನಂತೆ ಮುಚ್ಚಿಕೊಂಡಿದ್ದಾಳೆ, ಹವಳಗಳೆಲ್ಲ ಮುದುಡಿಕೊಂಡಿವೆ, ಅತ್ತೆ ಟ್ಯಾಂಕಿನ ಮುಂದೆ ಖಾಲಿ ಪಾತ್ರೆ ಹಿಡಿದು ನಿಂತಿದ್ದಾರೆ. ಬಿಸಿಲಿಗೆ ನೀರು ಎರಡು ಬೆರಳು ಇಳಿದಿತ್ತಂತೆ. ಸೊಸೆ ಬರುವವರೆಗೆ ಯಾಕೆ ಕಾಯಬೇಕು ಎಂದು ಇವರು ಅಡುಗೆಯ ಉಪ್ಪು ಅರ್ಧ ಪ್ಯಾಕೆಟ್ಟು ಕದಡಿ, ಸರಿಯಾಗಿ ಚಿಪ್ಪಮ್ಮನ ತಲೆಯ ಮೇಲೇ ಸುರಿದಿದ್ದಾರೆ. ‘ಸಮುದ್ರಕ್ಕೆ ಯಾರಾದ್ರೂ ಸಪ್ಪೆ ನೀರು ಹಾಕ್ತಾರೇನೇ? ನೀನು ದಿನಾ ಉಪ್ಪು ಹಾಕೋದು ಮರೀತೀಯ ಅಂದ್ಕೊಂಡೆ’ ಎಂದರು. ನೀರು ಮಾತ್ರ ಆವಿಯಾಗುತ್ತದೆ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ, ಅದಕ್ಕೇ ಬರೀ ಸಿಹಿನೀರು ಹಾಕುವುದು ಎಂದು ನಾಲ್ಕು ವರ್ಷದಲ್ಲಿ ನಾನು ಅವರಿಗೊಮ್ಮೆಯೂ ಹೇಳಿರಲಿಲ್ಲ. ನನ್ನ ತಪ್ಪೇ. ಆದರೂ ಕೂಗಾಡಿಬಿಟ್ಟೆ. ‘ಮೂರು ಗಂಟೆ! ಮೂರು ಗಂಟೆ ಮನೆ ಬಿಟ್ಟು ಹೋಗೋ ಹಾಗಿಲ್ವಾ ನಾನು?’ ಎಂದೆ. ಅತ್ತೆ ಪಾತ್ರೆ ಕೆಳಗಿಟ್ಟು ಒಳಗೆ ಹೋದರು. ಐದು ತಿಂಗಳ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡು, ಅಳುತ್ತಲೇ ಬಕೆಟ್ಟು ತಂದೆ.

ಒಮ್ಮೆಲೇ ಸರಿಮಾಡಲು ಹೋದರೆ ಇನ್ನೂ ಕೆಡುತ್ತದೆ ಎಂದು ಗುಳ್ಳೆ ಮಾಮ ಫೋನಿನಲ್ಲಿ ಹೇಳಿದರು. ದಿನಕ್ಕೊಂದು ಬಕೆಟ್ಟು ಉಪ್ಪುನೀರು ತೆಗೆದು, ಅಷ್ಟೇ ಸಿಹಿನೀರನ್ನು ನಿಧಾನಕ್ಕೆ ಸೇರಿಸಬೇಕು. ಮಾರನೆಯ ಬೆಳಿಗ್ಗೆ ಎರಡನೆಯ ಬಕೆಟ್ಟಿಗೆ ಕೈ ಹಾಕಿದಾಗ ಅತ್ತೆ ಹಿಂದೆ ಬಂದು ನಿಂತರು. ‘ತೋರಿಸು’ ಎಂದರು. ಉಪ್ಪು ಅಳೆಯುವ ಪುಟ್ಟ ದುರ್ಬೀನಿನಲ್ಲಿ ಮೊದಲು ಏನೂ ಕಾಣಲಿಲ್ಲ ಅವರಿಗೆ, ತಲೆಕೆಳಗಾಗಿ ಹಿಡಿದಿದ್ದರು. ಮೂರು ದಿನದಲ್ಲಿ ನನಗಿಂತ ಚೆನ್ನಾಗಿ ಓದುವುದು ಕಲಿತರು. ನೀರಿನ ಮಟ್ಟ ಎಲ್ಲಿರಬೇಕೋ ಅಲ್ಲಿ ಗಾಜಿಗೆ ತಮ್ಮ ಕಾಲಿಗೆ ಹಾಕುವ ಪ್ಲಾಸ್ಟರಿನ ಒಂದು ಪಟ್ಟಿ ಅಂಟಿಸಿದ್ದಾರೆ, ಚೆಂದವಿಲ್ಲ, ನೀವು ಬಂದು ಕಿತ್ತುಹಾಕಬೇಡಿ.

ಬಕೆಟ್ಟು ತುಂಬುವುದನ್ನು ಕಾಯುತ್ತ ಅತ್ತೆ ನಿಮ್ಮಪ್ಪನ ಪಾರಿವಾಳಗಳ ಮಾತು ತೆಗೆದರು. ಮಾವನವರು ಲಾರಿ ಹತ್ತಿ ತಿಂಗಳುಗಟ್ಟಲೆ ಹೋಗುತ್ತಿದ್ದಾಗ ತಾರಸಿಯ ಮೇಲಿನ ಮೂವತ್ತು ಪಾರಿವಾಳಕ್ಕೆ ಕಾಳು ನೀರು ಹಾಕುತ್ತಿದ್ದವರು ಅತ್ತೆಯೇ. ನಿಮಗೆ ಅವು ಬಾಲ್ಯದ ಸವಿನೆನಪು, ಎಷ್ಟು ಸಲ ಹೇಳಿದ್ದೀರಿ ನನಗೆ. ಅತ್ತೆ ಹೇಳಿದ್ದು ಇದು: ‘ಹಾರೋ ಹಕ್ಕಿಗೆ ನಾನು ಕಾವಲು ಕೂತೆ ಕಣೇ. ಅಕ್ಕನ್ನ ನೋಡ್ಕೊಂಡು ಬರ್ತೀನಿ, ಅಕ್ಕನ್ನ ನೋಡ್ಕೊಂಡು ಬರ್ತೀನಿ ಅಂತ ಹನ್ನೊಂದು ವರ್ಷ ಅಂದೆ. ಕೊನೆಗೆ ಹೋದಾಗ ಅಕ್ಕನ ಮನೇಲಿ ಎಲ್ರೂ ಇದ್ರು, ಅಕ್ಕ ಇರ್ಲಿಲ್ಲ.’ ಇಷ್ಟು ಹೇಳಿ ನಲ್ಲಿ ನಿಲ್ಲಿಸಿದರು. ನಾನು ಬಕೆಟ್ಟಿನ ಇನ್ನೊಂದು ಕಡೆ ಹಿಡಿದುಕೊಂಡೆ.

ಹದಿಮೂರನೆಯ ದಿನ ಚಿಪ್ಪಮ್ಮ ಮತ್ತೆ ಬಾಯಿ ತೆರೆದಳು. ಈಗ ನೆರಳು ಬಿದ್ದರೂ ಅಷ್ಟಾಗಿ ಬೆದರುವುದಿಲ್ಲ, ನಾನು ನೆಟ್ಟಗೆ ನಡೆದಾಡುತ್ತಿದ್ದೇನೆ. ನಿನ್ನೆ ಚಿಪ್ಪಿನ ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿದೆ, ಅಲ್ಲಾಡಲಿಲ್ಲ. ಗಟ್ಟಿಯಾಗಿ ಹಿಡಿದುಕೊಂಡಿದೆ. ನೀರು ಇಪ್ಪತ್ತೈದೂವರೆ ಡಿಗ್ರಿ ಇದೆ, ನೀವು ಕೇಳುವ ಮೊದಲೇ ಹೇಳಿಬಿಟ್ಟೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಪೌಡರು ಹಚ್ಚಿಕೊಳ್ಳಿ, ಭಾರ ಎತ್ತುವಾಗ ಸೊಂಟದ ಮೇಲೆ ಗಮನವಿರಲಿ. ನಿಮ್ಮ ಮೇಲೆ ಸಿಟ್ಟಿದೆ, ಪ್ರೀತಿಯೂ ಇದೆ, ಯಾವುದೂ ಕಡಿಮೆಯಿಲ್ಲ. ನಿಮ್ಮಮ್ಮನ ಆಶೀರ್ವಾದ ಈ ಪತ್ರದೊಂದಿಗೇ ಬರುತ್ತಿದೆ.

ಇಂತು,
ನೀವು ತಮಾಷೆಗೆ ಹೆಸರಿಟ್ಟ ಹಾಗೆ,
ನಿಮ್ಮ ಡ್ಯೂಟಿ ಆಫೀಸರ್

ಮರೆತಿದ್ದು: ಅಂಚೆಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಚಿಪ್ಪಮ್ಮ ನಿಮ್ಮ ದೊಡ್ಡ ಬಂಡೆಯ ಮೇಲಿಲ್ಲ. ಮೊದಲ ದಿನವೇ ಆ ಮರಳಿನ ಮೇಲೆ ಅಂಗೈಯಗಲದ ಕಲ್ಲಿಟ್ಟು ಕೂರಿಸಿದ್ದೆ, ಈಗಲೂ ಅದರ ಮೇಲೇ ಇದ್ದಾಳೆ. ನಾನು ಬೇಕೆಂದೇ ಹಾಗೆ ಇಟ್ಟೆ. ಅತ್ತೆಗೆ ಆಗದೆ ಹೋದರೆ ಗುಳ್ಳೆ ಮಾಮ ಕಲ್ಲಿನ ಸಮೇತ ತಮ್ಮ ಟ್ಯಾಂಕಿಗೆ ಒಯ್ಯುತ್ತಾರೆ, ಒಂದು ಎಳೆಯೂ ಹರಿಯುವುದಿಲ್ಲ. ನಿನ್ನೆ ಲ್ಯಾಬಿಗೆ ಹೋಗಿ ಒಪ್ಪಿಗೆಗೆ ಸಹಿ ಹಾಕಿ ಬಂದೆ. ಹದಿನೆಂಟಕ್ಕೆ ಹೊರಡುತ್ತೇನೆ, ಈ ಪತ್ರ ನಿಮ್ಮ ಬಂದರಿಗೆ ಮುಟ್ಟುವಾಗ ನಾನು ಇಲ್ಲಿರುವುದಿಲ್ಲ. ಪಾಳಿಯನ್ನು ಅತ್ತೆಗೆ ಒಪ್ಪಿಸಿದ್ದೇನೆ. ಅವರು ಪಕ್ಕದಲ್ಲೇ ನಿಂತು ಇದನ್ನೂ ಬರೆ ಎನ್ನುತ್ತಿದ್ದಾರೆ: ‘ಇನ್ಮೇಲೆ ಫೋನ್ ಎತ್ತೋದು ನಾನು. ನೀರಿನ ಬಿಸಿ ಆಮೇಲೆ ಕೇಳು, ಮೊದಲು ಅಮ್ಮ ಹೇಗಿದ್ದೀಯ ಅಂತ ಕೇಳು.’