ಇಡ್ಲಿ ತಟ್ಟೆಯ ಐಸು

ನಂಜನಗೂಡು
ಏಪ್ರಿಲ್ ೨೪, ಗುರುವಾರ

ಬಸವಪ್ರಸಾದ್ ಅವರಿಗೆ ರುದ್ರಾಣಿ ಮಾಡುವ ಶರಣು.

'ಮನೆಯವರಿಗೆ' ಎಂದು ಶುರು ಮಾಡಿ ಒಂದು ಹಾಳೆ ಹರಿದು ಹಾಕಿದೆ. ಮನೆ ಎರಡಾಗಿ ಮೂರು ವರ್ಷವಾಯಿತು. ಯಾವ ಮನೆಯವರು ಎಂದು ನೀವೇ ಕೇಳುತ್ತೀರಿ. ಅದಕ್ಕೇ ಹೆಸರು ಹಿಡಿದು ಬರೆದಿದ್ದೇನೆ. ಗಂಡನ ಹೆಸರು ಬರೆದಳೆಂದು ಬಯ್ಯುವಷ್ಟು ಶಕ್ತಿ ಅತ್ತೆಯ ಬಾಯಲ್ಲಿ ಉಳಿದಿದ್ದರೆ ಬಯ್ಯಲಿ, ಸಂತೋಷವಾಗಿ ಬಯ್ಯಿಸಿಕೊಳ್ಳುತ್ತೇನೆ.

ಕಾಗದ ನಿಮ್ಮ ಕೈಗೆ ಸಿಕ್ಕಿದೆ ಎಂದರೆ ಕಂಡಕ್ಟರ್ ನಂಜೇಶ್ ಥರ್ಮಾಕೋಲ್ ಡಬ್ಬವನ್ನು ಅಡ್ಡ ಮಲಗಿಸದೆ ನರಸೀಪುರ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿದ್ದಾನೆ, ನೀವು ಅದನ್ನು ಮನೆಗೆ ಒಯ್ದು ಮುಚ್ಚಳ ತೆಗೆದಿದ್ದೀರಿ ಎಂದರ್ಥ. ಮುಂದಿನ ಸಾಲು ಓದುವ ಮೊದಲು ಒಳಗಿರುವುದನ್ನೆಲ್ಲ ಫ್ರಿಜ್ಜಿನ ಮೇಲ್ಖಾನೆಗೆ ಹಾಕಿ ಬನ್ನಿ. ಓದಿ ಮುಗಿಸಿ ಹಾಕಿದರಾಯಿತು ಎನ್ನುವುದು ನಿಮ್ಮ ಜಾಯಮಾನ. ಐಸಿಗೆ ಆಫೀಸಿನ ಫೈಲಿನಷ್ಟು ತಾಳ್ಮೆ ಇಲ್ಲ.

ಹಾಕಿದಿರಾ? ಸರಿ.

ಸೋಮವಾರ ನೀವು ಫೋನ್ ಮಾಡಿದಾಗ ನಾನು ಬರೀ ಹೂಂ ಹೂಂ ಎಂದೆ. ಎದುರಿಗೆ ಗಿರಾಕಿ ನಿಂತಿದ್ದಾರೆ ಎಂದು ಸುಳ್ಳು ಹೇಳಿದೆ. ಯಾರೂ ಇರಲಿಲ್ಲ. ಫೋನಿನಲ್ಲಿ ನಮ್ಮಿಬ್ಬರ ಮಾತು ಎರಡನೇ ನಿಮಿಷಕ್ಕೆ ಜಗಳವಾಗುತ್ತದೆ, ಜಗಳವಾಡುವ ವಿಷಯ ಇದಲ್ಲ. ನೀವು ಹೇಳಿದ್ದಿಷ್ಟು. ಅಮ್ಮ ರಾತ್ರಿ ಊಟ ಬಿಟ್ಟಿದ್ದಾರೆ, ಗಂಜಿ ಕೊಟ್ಟರೆ ತಟ್ಟೆ ತಳ್ಳುತ್ತಾರೆ, ವಯಸ್ಸಾದ ಮೇಲೆ ಹಟ ಜಾಸ್ತಿಯಾಗಿದೆ. ಆಮೇಲೆ ದನಿ ತಗ್ಗಿಸಿ ಹೇಳಿದಿರಿ: ಕೆನ್ನೆಯ ಹುಣ್ಣು ದವಡೆಗೆ ಇಳಿದಿದೆ, ಇನ್ನು ರೇಡಿಯೇಶನ್ ಕರೆಂಟ್ ಕೊಟ್ಟು ಉಪಯೋಗವಿಲ್ಲ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದು ಮೈಸೂರಿನ ಡಾಕ್ಟರು ಕಳಿಸಿಬಿಟ್ಟರು. ಅಮ್ಮನಿಗೆ ಮಾತ್ರ ಇದು ಉಷ್ಣಕ್ಕೆ ಎದ್ದ ಹುಣ್ಣು ಎಂದು ಹೇಳಿದ್ದೀರಿ. ಬಾಯಿ ಬಿಡಬೇಡ ಎಂದು ನನಗೂ ತಾಕೀತು ಮಾಡಿದಿರಿ.

ಬಿಡುವುದಿಲ್ಲ. ಆದರೆ ಒಂದು ಮಾತು. ಉಷ್ಣ ಎಂದು ಸುಳ್ಳು ಹೇಳಿದವರು ಆ ಸುಳ್ಳಿನ ಮರ್ಯಾದೆಗಾದರೂ ತಂಪು ಕೊಡಬೇಕಿತ್ತಲ್ಲವೇ? ಉಷ್ಣ ಎನ್ನುತ್ತಾ ಕುದಿಯುವ ಗಂಜಿ ಕೊಡುತ್ತಿದ್ದೀರಿ. ಕಾಯಿಲೆಯವರಿಗೆ ಬಿಸಿಬಿಸಿಯಾಗಿ ಕೊಡಬೇಕು, ತಣ್ಣಗಿನದು ಕೊಟ್ಟರೆ ಶೀತವಾಗುತ್ತದೆ ಎಂದು ನಿಮಗೆ ಯಾರೋ ಚಿಕ್ಕಂದಿನಲ್ಲಿ ಹೇಳಿದ್ದಾರೆ, ಅದನ್ನು ಇನ್ನೂ ಹಿಡಿದುಕೊಂಡಿದ್ದೀರಿ. ಸ್ವಲ್ಪ ಕುಳಿತು ಯೋಚನೆ ಮಾಡಿ. ಈಗ ಯಾವ ಶೀತಕ್ಕೆ ಹೆದರುತ್ತಿದ್ದೀರಿ?

ಕಟುವಾಯಿತು. ಆ ಸಾಲನ್ನು ಹೊಡೆದು ಹಾಕೋಣವೆಂದುಕೊಂಡೆ, ಆದರೆ ಅದನ್ನು ಓದದೆ ನೀವು ಐಸ್ ಕೊಡುವುದಿಲ್ಲ. ಇರಲಿ. ಮೈಸೂರಿನ ಆ ಆಸ್ಪತ್ರೆಯ ನರ್ಸ್ ಒಬ್ಬರು ನನ್ನ ಗಿರಾಕಿ. ಕೇಳಿದೆ. ಅಂಥ ಬಾಯಿಗೆ ತಣ್ಣಗಿನದೇ ಒಳ್ಳೆಯದು, ಖಾರ, ಹುಳಿ, ಉಪ್ಪು, ಬಿಸಿ ಯಾವುದೂ ಬೇಡ ಎಂದರು. ಮುಂದೆ ಬರೆಯುವುದನ್ನು ಗಮನವಿಟ್ಟು ಓದಿ. ಕಷ್ಟದ್ದೇನೂ ಇಲ್ಲ, ಅಡಿಗೆ ಬಾರದ ಗಂಡಸರಿಗೂ ಆಗುತ್ತದೆ.

ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ರಾಗಿ ಹಿಟ್ಟನ್ನು ಗಂಟಿಲ್ಲದ ಹಾಗೆ ನೀರಿಗೆ ಕದಡಿ, ತೆಳು ಬಟ್ಟೆಯಲ್ಲಿ ಸೋಸಿ, ಸಣ್ಣ ಉರಿಯಲ್ಲಿ ಕಾಯಿಸಿ. ಆರಿದ ಮೇಲೆ ಹಾಲು ಬೆಲ್ಲ ಬೆರೆಸಿ ಫ್ರಿಜ್ಜಿನಲ್ಲಿಡಿ. ಸಂಜೆ ಅದೇ ಊಟ. ಒಂದು ದಿನ ರಾಗಿ, ಒಂದು ದಿನ ತೆಳು ಅವಲಕ್ಕಿ. ಅವಲಕ್ಕಿಯನ್ನು ಹಾಲಿನಲ್ಲಿ ನೆನೆಸಿ ಮಿಕ್ಸಿಗೆ ಹಾಕಿದರೆ ಒಲೆಯನ್ನೇ ಹಚ್ಚಬೇಕಾಗಿಲ್ಲ. ಮತ್ತೊಂದು ದಿನ ಕರಗುವ ಹಾಗೆ ಬೆಂದ ಹೆಸರುಬೇಳೆ ಪಾಯಸ, ಅದೂ ತಣ್ಣಗೆ. ಮೊಸರನ್ನ ಕೇಳಿದರೆ ಆಗತಾನೆ ಹೆಪ್ಪಾದ ಸಿಹಿ ಮೊಸರಿನದು. ಒಗ್ಗರಣೆ ಬೇಡ, ಶುಂಠಿ ಬೇಡ, ಹಸಿಮೆಣಸಿನಕಾಯಿಯಂತೂ ಬೇಡವೇ ಬೇಡ. ಬಾಯಿಗೆ ಹಾಕಿ ನೋಡಿ ಸಪ್ಪೆ ಎಂದು ಉಪ್ಪು ಉದುರಿಸಬೇಡಿ. ಊಟ ನಿಮ್ಮದಲ್ಲ.

ಇನ್ನು ಐಸಿಗೆ ಬರುತ್ತೇನೆ. ಡಬ್ಬದಲ್ಲಿ ಒಂದು ಇಡ್ಲಿ ತಟ್ಟೆ ಇದೆಯಲ್ಲ, ತೂತಿಲ್ಲದ್ದು, ಅದು ಅತ್ತೆಯದೇ. ನೀವು ಸಾಮಾನು ಲಾರಿಗೆ ತುಂಬುವಾಗ ಇಲ್ಲೇ ಬಿಟ್ಟು ಹೋದದ್ದು. ಎರಡನ್ನು ಬಿಟ್ಟು ಹೋದಿರಿ, ಇನ್ನೊಂದು ಯಾವುದೆಂದು ಹೇಳುವುದಿಲ್ಲ. ಕಡ್ಡಿ ಚುಚ್ಚಿದ ಐಸ್ ಚೀಪಲು ದವಡೆ ಬೇಕು, ಕೆನ್ನೆ ಬೇಕು. ಅವರಿಗೆ ಅವೆರಡೂ ಇಲ್ಲ. ಅದಕ್ಕೇ ಇಡ್ಲಿ ತಟ್ಟೆ. ಒಂದು ರಸಬಾಳೆ, ಅರ್ಧ ಲೋಟ ಹಾಲು, ಎರಡನ್ನೂ ಮಿಕ್ಸಿಗೆ ಹಾಕಿ ಗುಳಿಗಳಿಗೆ ಹೊಯ್ದು ಮೇಲ್ಖಾನೆಯಲ್ಲಿಡಿ. ರಸಬಾಳೆ ಅಲ್ಲಿ ಸಿಗುವುದಿಲ್ಲ, ನಾನು ಕಳಿಸುತ್ತೇನೆ. ಪಪ್ಪಾಯಿಯಲ್ಲೂ ಮಾಡಬಹುದು. ಎಳನೀರನ್ನು ಹಾಗೆಯೇ ಹೊಯ್ದರೂ ಗಟ್ಟಿಯಾಗುತ್ತದೆ. ನಿಂಬೆ, ಕಿತ್ತಳೆ, ದ್ರಾಕ್ಷಿ ಮುಟ್ಟಬೇಡಿ, ಹುಣ್ಣಿಗೆ ಸುಣ್ಣ ಎರಚಿದ ಹಾಗಾಗುತ್ತದೆ. ಅವರ ಸಂಜೆಯ ಲಿಂಗಪೂಜೆ ಮುಗಿಯುವ ಹೊತ್ತಿಗೆ ತಟ್ಟೆ ಹೊರಗಿಡಿ. ಅಂಚು ಬೆವರಿದ ಮೇಲೆ ಸ್ಟೀಲ್ ಚಮಚದಲ್ಲಿ ಕೆರೆದು, ನಾಲಿಗೆಯ ಬಲಗಡೆಗೆ ಇಡಿ. ಎಡಗಡೆ ಬೇಡ. ಒಂದು ಗುಳಿ ಖಾಲಿಯಾದ ಮೇಲೆ ಬಾಯಿ ಮರಗಟ್ಟಿದ ಹಾಗಾಗುತ್ತದೆ. ಅದೇ ಸಮಯ ನೋಡಿ ರಾಗಿ ಕೊಡಿ. ಮೊದಲು ಐಸ್, ಆಮೇಲೆ ಊಟ. ಲೋಕವೆಲ್ಲ ತಲೆಕೆಳಗು ಮಾಡಿ ತಿನ್ನುತ್ತದೆ, ನೀವು ಹೀಗೆ ಮಾಡಿ.

ಸಂಜೆ ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆಗೆದು ತೆಗೆದು ನೋಡಬೇಡಿ. ನೋಡುವುದರಿಂದ ಯಾವುದೂ ಗಟ್ಟಿಯಾಗುವುದಿಲ್ಲ.

ಬಲಗಡೆ, ಎಡಗಡೆ ಎಂದು ಇವಳಿಗೆ ಹೇಗೆ ಗೊತ್ತು ಎಂದು ಈಗ ಅನುಮಾನ ಬಂದಿರಬೇಕು. ಬರಲಿ, ಹೇಳಿಬಿಡುತ್ತೇನೆ. ಯುಗಾದಿಯ ನಂತರ ಅಲ್ಲಿಯ ಕಲ್ಯಾಣ ಮಂಟಪಕ್ಕೆ ಐಸ್ ಕೊಡಲು ಬಂದವಳು ನಿಮ್ಮ ಮನೆಗೆ ಹೋಗಿದ್ದೆ. ನೀವು ಆಫೀಸಿನಲ್ಲಿದ್ದ ಹೊತ್ತು ನೋಡಿಯೇ ಹೋದೆ. ಆಮೇಲೂ ಒಂದೆರಡು ಸಲ ಹೋದೆ. ಕಳ್ಳಿ ಎನ್ನಿ, ಒಪ್ಪುತ್ತೇನೆ.

ಅತ್ತೆ ಜಗುಲಿಯ ಮೇಲೆ ಕೆನ್ನೆಗೆ ಸೆರಗು ಒತ್ತಿಕೊಂಡು ಕೂತಿದ್ದರು. ಅರ್ಧ ಆಳಾಗಿದ್ದಾರೆ. ನನ್ನನ್ನು ಕಂಡವರೇ, "ಯಾರವ್ವಾ? ಓ, ಐಸ್‌ನವ್ಳಾ? ಇನ್ನೂವೆ ಕರಗಿಲ್ವಾ ನೀನು?" ಎಂದರು.

"ನಿಮ್ ಮನೇಲಿ ಕರಗಿದ್ದು ಸಾಕಾಗಿ ಈಗ ಗಟ್ಟಿಯಾಗಿವ್ನಿ ಕಣತ್ತೆ" ಎಂದೆ.

ನಗಲು ಹೋಗಿ ಕೆನ್ನೆ ಹಿಡಿದುಕೊಂಡರು. "ನಗಿಸ್ಬ್ಯಾಡ ಕನವ್ವ, ದವ್ಡೆ ಕಿತ್ಕಂಡ್ ಬತ್ತದೆ."

ಊಟ ಏನು ಮಾಡಿದಿರಿ ಎಂದು ಕೇಳಿದೆ. "ಗಂಜಿ. ನನ್ ಮಗ ಬಿಸ್‌ಬಿಸಿ ಮಾಡಿ, ಊದಿ ಊದಿ ಕುಡುಸ್ತನೆ. ಬ್ಯಾಡ ಕನಪ್ಪ ಅಂದ್ರೆ ಮಕ ಸಣ್ಣಕ್ ಮಾಡ್ಕತನೆ. ಅವ್ನ್ ಮಕ ನೋಡ್ನಾರೆ, ನುಂಗ್ಬುಡ್ತೀನಿ. ಬೆಂಕಿ ಕನವ್ವ. ಎಷ್ಟ್ ದಿವ್ಸ ನುಂಗಾದು?"

ನೀವು ಹಟ ಎಂದಿರಲ್ಲ, ಅದು ಇದು.

ಮದುವೆಗೆ ಕೊಟ್ಟು ಮಿಕ್ಕಿದ್ದ ಒಂದು ಹಾಲಿನ ಐಸ್ ಡಬ್ಬದಲ್ಲಿತ್ತು. ಕಡ್ಡಿ ಕಿತ್ತು ಬಟ್ಟಲಿಗೆ ಹಾಕಿ, ಪುಡಿ ಮಾಡಿ, ಚಮಚದಲ್ಲಿ ಕೊಟ್ಟೆ. ಮೊದಲನೆಯ ಚಮಚಕ್ಕೆ ಭುಜ ಕುಗ್ಗಿಸಿದರು. ಎರಡನೆಯದಕ್ಕೆ ಕಣ್ಣು ಮುಚ್ಚಿದರು. ಬಟ್ಟಲು ಖಾಲಿಯಾಗುವವರೆಗೆ ತೆಗೆಯಲಿಲ್ಲ. ಮನೆಯ ಹೆಂಗಸು ಬೀದಿ ಮಕ್ಕಳಿಗೆಲ್ಲ ಐಸ್ ನೆಕ್ಕಿಸುತ್ತಾಳೆ ಎಂದು ನೆಂಟರ ಮುಂದೆ ನನ್ನ ಮಾನ ತೆಗೆದಿದ್ದ ಬಾಯಿ ಅದು. ಬಟ್ಟಲು ಕೆಳಗಿಟ್ಟು, "ಇದ್ಕಾ ನೀನು ನನ್ ಮಗನ್ ಬುಟ್ಟಿದ್ದು?" ಎಂದು ಕೇಳಿದರು. ನಾನು ಬಟ್ಟಲು ಎತ್ತಿಕೊಂಡೆ. ಅವರೇ ತುಟಿ ಒರೆಸಿಕೊಂಡು, "ಬುಡ್ಬೌದು ಬುಡು" ಎಂದರು.

ನನಗೆ ಇದುವರೆಗೆ ಸಿಕ್ಕ ಸರ್ಟಿಫಿಕೇಟುಗಳಲ್ಲಿ ಇದು ದೊಡ್ಡದು.

ನಿಮಗೆ ನರಸೀಪುರಕ್ಕೆ ವರ್ಗವಾದಾಗ ಫ್ರೀಜರ್ ಮಾರಿ ಬಾ ಎಂದಿರಿ. ಐಸ್ ಮಾರುವವಳ ಗಂಡ ಎಂದು ಆಫೀಸಿನಲ್ಲಿ ನಗುತ್ತಾರೆ ಎಂದಿರಿ. ಒಂದು ಹಳೇ ಫ್ರಿಜ್ಜಿನಿಂದ ಶುರು ಮಾಡಿ ಮೂರು ಫ್ರೀಜರ್ ಮಾಡಿಕೊಂಡಿದ್ದೆ, ಬರುವುದಿಲ್ಲ ಎಂದೆ. ಲೆಕ್ಕ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು. ಯಾರದು ಸರಿ ಎಂದು ಈಗ ತೆಗೆಯುವುದು ಬೇಡ. ತೂಗಿ ನೋಡಲು ನನಗೂ ಪುರುಸೊತ್ತಿಲ್ಲ, ಅತ್ತೆಗಂತೂ ಇಲ್ಲವೇ ಇಲ್ಲ.

ಡಬ್ಬದ ತಳದಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಹಸಿರು ಬಣ್ಣದ್ದು ಇದೆ. ಅದನ್ನು ನೋಡಿ ಗಾಬರಿಯಾಗಬೇಡಿ. ಹೋದ ಸಲ ನಾನು ಬಂದಾಗ ಅತ್ತೆ, ಮೂಗಿನ ಹತ್ತಿರ ಹಿಡಿಯುವುದಕ್ಕಾದರೂ ಒಂದು ಎಲೆ ತಂದುಕೊಡು ಎಂದು ಕೇಳಿದರು. ನಲವತ್ತು ವರ್ಷ ಎಲೆ, ಅಡಿಕೆ, ಹೊಗೆಸೊಪ್ಪಿನ ಕಡ್ಡಿಪುಡಿ ಮೆದ್ದವರು. ತಿಂದದ್ದೇ ಅವರನ್ನು ತಿನ್ನುತ್ತಿದೆ, ಆದರೂ ಆಸೆಗೆ ಅದೆಲ್ಲ ಗೊತ್ತಾಗುವುದಿಲ್ಲ. ಒಂದು ಎಳೇ ವೀಳ್ಯದೆಲೆಯನ್ನು ನುಣ್ಣಗೆ ಅರೆದು, ಸೋಸಿ, ಕಾಯಿಸಿ ಆರಿಸಿದ ಗಟ್ಟಿ ಹಾಲಿಗೆ ಬೆರೆಸಿ, ಚೂರು ಗುಲ್ಕನ್ ಹಾಕಿದ್ದೇನೆ. ಸುಣ್ಣ ಇಲ್ಲ, ಅಡಿಕೆ ಇಲ್ಲ, ಕಡ್ಡಿಪುಡಿಯಂತೂ ಇಲ್ಲ. ಉರಿಯುತ್ತದೆಯೇ ಎಂದು ನಾನೇ ನಾಲಿಗೆ ಕಚ್ಚಿಕೊಂಡ ಜಾಗಕ್ಕೆ ಇಟ್ಟು ನೋಡಿದ್ದೇನೆ. ಮೊದಲು ಸಾಸಿವೆ ಕಾಳಷ್ಟು ಕೊಡಿ, ಮುಖ ನೋಡಿ, ಆಮೇಲೆ ಕೊಡಿ. ಯಾರು ಮಾಡಿದ್ದು ಎಂದು ಕೇಳಿದರೆ ಅಂಗಡಿಯದು ಎನ್ನಿ. ನಂಬುವುದಿಲ್ಲ, ಆದರೂ ಹಾಗೇ ಹೇಳಿ.

ನೀವು ಮಾಡುವುದು ಮಾಡಿ, ಇದೇ ಬಸ್ಸಿಗೆ ನನ್ನದೂ ಒಂದು ಡಬ್ಬ ದಿನಾ ಬರುತ್ತದೆ. ಬೆಳಿಗ್ಗೆ ಮೊದಲನೇ ಟ್ರಿಪ್ಪಿನಲ್ಲಿ ನಂಜೇಶನ ಕೈಗೆ ವಾಪಸ್ ಕೊಡಿ. ಮಿಕ್ಕಿದ್ದನ್ನು ಚೆಲ್ಲಬೇಡಿ, ಕರಗಿ ನೀರಾಗಿದ್ದರೂ ಹಾಗೇ ಕಳಿಸಿ. ಎಷ್ಟು ಮಿಕ್ಕಿದೆ, ಯಾವುದು ಮಿಕ್ಕಿದೆ ಎಂದು ನೋಡಿ ಮರುದಿನದ್ದು ಮಾಡುತ್ತೇನೆ. ಚೆನ್ನಾಗಿ ತಿಂದರು ಎಂದು ನೀವು ಫೋನಿನಲ್ಲಿ ಹೇಳುವುದನ್ನು ನಾನು ನಂಬುವುದಿಲ್ಲ. ವ್ಯಾಪಾರದಲ್ಲಿ ವಾಪಸ್ ಬಂದ ಮಾಲೇ ನಿಜ ಹೇಳುವುದು. ಒಂದು ದಿನ ಡಬ್ಬ ಕಳಿಸಿದ ಹಾಗೇ ವಾಪಸ್ ಬರುತ್ತದೆ, ಅದೂ ನನಗೆ ಗೊತ್ತು. ಆವತ್ತು ನೀವು ಫೋನ್ ಮಾಡಿ ಮಾತು ಹುಡುಕುವ ಕಷ್ಟ ಬೇಡ. ನಾನೇ ಮುಂದಿನ ಬಸ್ಸಿಗೆ ಹತ್ತುತ್ತೇನೆ. ಅದಕ್ಕೆ ಮೊದಲೇ ಬರಬೇಕೋ ಬೇಡವೋ ಎನ್ನುವುದನ್ನು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನ ಕಡೆಯದು ಬರೆಯುವಂಥದ್ದೇನೂ ಇಲ್ಲ. ಬಿಸಿಲು ಜೋರು, ವ್ಯಾಪಾರವೂ ಜೋರು. ಸಂಜೆ ಅಂಗಳ ತುಂಬ ಮಕ್ಕಳು, ನಾಲಿಗೆಗಳೆಲ್ಲ ಕೆಂಪು, ಹಳದಿ. ಅವು ಚೀಪುವುದನ್ನು ಈಚೆಗೆ ಸುಮ್ಮನೆ ನೋಡುತ್ತಾ ನಿಲ್ಲುತ್ತೇನೆ.

ಫ್ರಿಜ್ ಬಾಗಿಲು ಸರಿಯಾಗಿ ಮುಚ್ಚಿದೆಯೇ ಒಮ್ಮೆ ಎದ್ದು ನೋಡಿ.

ಇಂತಿ,
ರುದ್ರಾಣಿ

ತಾ.ಕ.: ಇದನ್ನು ಬರೆಯಬಾರದೆಂದೇ ಮೇಲೆ ಸಹಿ ಹಾಕಿದ್ದು. ಡಬ್ಬಕ್ಕೆ ಟೇಪ್ ಸುತ್ತುವ ಮೊದಲು ಕಾಗದ ಮತ್ತೆ ತೆಗೆದೆ. ಅತ್ತೆಗೆ ಎಲ್ಲ ಗೊತ್ತು. ಡಾಕ್ಟರು ನಿಮ್ಮೊಡನೆ ಇಂಗ್ಲಿಷಿನಲ್ಲಿ ಆಡಿದ್ದು ಅವರಿಗೆ ತಿಳಿಯಲಿಲ್ಲವಂತೆ. "ಇಷ್ಟ್ ವರ್ಸ ನನ್ ಮುಂದ್‌ಮುಂದೆ ಬಿರ್‌ಬಿರ್‌ನೆ ಓಯ್ತಿದ್ದವ್ನು, ಅವತ್ತು ಮೈಸೂರ್ ಬಸ್‌ಸ್ಟ್ಯಾಂಡಲ್ಲಿ ಕೈ ಇಡ್ಕಂಡು ರೋಡ್ ದಾಟಿಸ್ದ ಕನವ್ವ. ಅಲ್ಲೇ ಗೊತ್ತಾಗೋಯ್ತು. ನಂಜುಂಡಪ್ಪ ಗಂಟ್ಲಲ್ಲಿ ಇಕ್ಕಂಡ, ನಾನು ದವ್ಡೇಲಿ ಇಕ್ಕಂಡೆ" ಎಂದರು. ತನಗೆ ಗೊತ್ತು ಎಂಬುದು ಮಗನಿಗೆ ಗೊತ್ತಾಗಬಾರದು ಎಂದು ನನ್ನಿಂದ ಲಿಂಗ ಮುಟ್ಟಿಸಿ ಆಣೆ ತೆಗೆದುಕೊಂಡರು. ಬೇಡವೇ ಬೇಡ ಎಂದರೆ ನಿಮಗೆ ಅನುಮಾನ ಬಂದೀತು ಎಂದೇ ಆ ಬೆಂಕಿಯನ್ನು ಅಷ್ಟು ದಿನ ನುಂಗಿದ್ದು. ಆಣೆಯನ್ನು ನಾನು ಮುರಿದೆ, ನೀವು ಮುರಿಯಬೇಡಿ. ಇವತ್ತು ಸಂಜೆ ಚಮಚ ನೀವೇ ಹಿಡಿದು, ಉಷ್ಣಕ್ಕೆ ಒಳ್ಳೆಯದಮ್ಮ ಎನ್ನಿ. ಅವರು ಹೂಂ ಕನಪ್ಪ ಎನ್ನುತ್ತಾರೆ. ಎರಡನೆಯ ಚಮಚಕ್ಕೆ ಕಣ್ಣು ಮುಚ್ಚುತ್ತಾರೆ, ತಟ್ಟೆ ಮುಗಿಯುವವರೆಗೆ ತೆರೆಯುವುದಿಲ್ಲ. ಅಳುವುದಿದ್ದರೆ ಅಷ್ಟರಲ್ಲಿ ಮುಗಿಸಿಕೊಳ್ಳಿ.